ಹಬ್ಬಗಳ ಜೊತೆಜೊತೆಗೆ ಜಪಾನಿ ಕಲಿಯೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನಿ ಕಲಿಯೋಕೆ ಶುರು ಮಾಡಿರೋರು, ಮಾಡ್ಬೇಕು ಅಂತ ಯೋಚನೆಲಿರೋರು, ಎರಡು ತಿಂಗಳು ಕಲಿತು ಬಿಟ್ಟು ಮತ್ತೆ ಶುರು ಮಾಡೋರು, ಎಲ್ಲರೂ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೀನಿ. ಜಪಾನಿ ಮಾತುಗಳನ್ನ ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೀನಿ, ಹೇಗೆ ಬರೆದಿದೆಯೋ ಹಾಗೇ ಓದಿ, ಹ್ರಸ್ವ ದೀರ್ಘ ಮಾತ್ರ ಬಿಡ್ಬೇಡಿ.

ಭಾಷೆ ಕಲಿಯೋಕೆ ಹಬ್ಬ ಯಾಕ್ರೀ ಬೇಕು? ವ್ಯಾಕರಣ, ಶಬ್ದ ಕಲಿತ್ರೆ ಸಾಲ್ದಾ?

ಪರೀಕ್ಷೆ ಪಾಸಾಗೋಕೆ ಸಾಕು, ಮಾತಾಡೋಕೆ ಸಾಲಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ. ಜಪಾನಿನಲ್ಲಿ ಮಾತು ವರ್ಷದ ಯಾವ ಹೊತ್ತು ಅನ್ನೋದಕ್ಕೆ ಕಟ್ಟಿಕೊಂಡಿರುತ್ತೆ, ಒಂದು ಔಪಚಾರಿಕ ಪತ್ರ ಬರೀಬೇಕಾದ್ರೆ ಮೊದಲ ಸಾಲೇ ಋತುವಿನ ಬಗ್ಗೆ ಇರುತ್ತೆ, ಹೈಕು ಅನ್ನೋ ಪುಟ್ಟ ಪದ್ಯ ಬರೆಯೋರು ಋತು ಸೂಚಿಸೋ ಒಂದು ಪದ ಇಡಲೇಬೇಕು ಅನ್ನೋ ಸಂಪ್ರದಾಯ ಇದೆ, ಅಂಗಡಿಯ ಸಿಹಿತಿಂಡಿ ಕೂಡ ತಿಂಗಳು ತಿಂಗಳಿಗೆ ಬದಲಾಗುತ್ತೆ. ಪಾಠದ ಪುಸ್ತಕ ಈ ಕ್ರಮದಲ್ಲಿ ಹೋಗಲ್ಲ, ಅದು ವ್ಯಾಕರಣದ ಕ್ರಮದಲ್ಲಿ ಹೋಗುತ್ತೆ. ನೀವು ಸಕುರಾ, ಅಂದ್ರೆ ಚೆರ್ರಿ ಹೂವಿನ, ಪದಗಳನ್ನ ಮಾರ್ಚ್ ಕೊನೆಯಲ್ಲೇ ಕಲಿತ್ರೆ ಆ ವಾರ ಜಪಾನಿ ನ್ಯೂಸ್, ಯೂಟ್ಯೂಬ್, ಆಫೀಸ್ ಕಾಲ್ ಎಲ್ಲಾ ಕಡೆ ಅವೇ ಪದ ಕಿವಿಗೆ ಬೀಳ್ತಾ ಇರುತ್ತೆ, ಬೇರೆಯಾಗಿ ಉರು ಹೊಡೀಬೇಕಾಗಿಲ್ಲ. ಅದೇ ಪದಗಳನ್ನ ಅಕ್ಟೋಬರಲ್ಲಿ ಕಲಿತ್ರೆ ಯಾರೂ ನಿಮಗೆ ಮತ್ತೆ ನೆನಪು ಮಾಡಿಕೊಡಲ್ಲ.

ಕನ್ನಡದೋರಿಗೆ ಜಪಾನಿ ಕಷ್ಟಾನಾ?

ಕಾಂಜಿ, ಅಂದ್ರೆ ಚೀನಾದಿಂದ ಬಂದ ಅಕ್ಷರಗಳು, ಕಷ್ಟ. ದಿನಬಳಕೆಗೆ ಅಂತ ಸರ್ಕಾರ ಗುರುತಿಸಿರೋ ಜೋಯೋ ಪಟ್ಟಿಯಲ್ಲೇ 2136 ಕಾಂಜಿ ಇವೆ, ಬಹಳಷ್ಟಕ್ಕೆ ಎರಡು ಮೂರು ಉಚ್ಚಾರಣೆ. ಅದಕ್ಕೆ ಶಾರ್ಟ್‌ಕಟ್ ಇಲ್ಲ. ಆದ್ರೆ ಉಳಿದಿದ್ದರಲ್ಲಿ ನಮಗೆ ಸಿಗೋ ಅನುಕೂಲ ಇಂಗ್ಲಿಷ್ ಮಾತ್ರ ಗೊತ್ತಿರೋರಿಗೆ ಸಿಗಲ್ಲ.

ಮೊದಲು ಅಕ್ಷರಮಾಲೆ. ಎಲ್ಲರೂ ಮೊದಲು ಕಲಿಯೋ ಲಿಪಿ ಹಿರಗಾನದ ಕ್ರಮ ನೋಡಿ: ಅ ಇ ಉ ಎ ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬೌದ್ಧ ಭಿಕ್ಷುಗಳು ಸಂಸ್ಕೃತ ಬರೆಯೋ ಸಿದ್ಧಂ ಲಿಪಿ ಜೊತೆ ತಗೊಂಡು ಹೋದ ಸಂಸ್ಕೃತ ವರ್ಣಮಾಲೆಯ ಕ್ರಮ ಅದು. ನಮ್ಮ ಚ ವರ್ಗದ ಜಾಗದಲ್ಲಿ ಅವರ ಸ ಕೂತಿದೆ, ಪ ವರ್ಗದ ಜಾಗದಲ್ಲಿ ಹ ಕೂತಿದೆ, ಯಾಕಂದ್ರೆ ಈಗಿನ ಹ ಹಿಂದೆ ಪ ಆಗಿತ್ತು. ಡಿಕ್ಷನರಿಯಲ್ಲಿ ಪದ ಹುಡುಕೋಕೆ ಕನ್ನಡ ಓದಿರೋರಿಗೆ ಕಷ್ಟವೇ ಆಗಲ್ಲ.

ಉಚ್ಚಾರಣೆಯಲ್ಲಿ ಹ್ರಸ್ವ ದೀರ್ಘ, ಒತ್ತಕ್ಷರ ಎರಡೂ ನಮಗೆ ಚಿಕ್ಕಂದಿನಿಂದ ಗೊತ್ತು. ಒಬಸನ್ ಅಂದ್ರೆ ಅತ್ತೆ, ಚಿಕ್ಕಮ್ಮ, ಒಬಾಸನ್ ಅಂದ್ರೆ ಅಜ್ಜಿ. ಕಿತೆ ಅಂದ್ರೆ ಬಾ, ಕಿತ್ತೆ ಅಂದ್ರೆ ಅಂಚೆ ಚೀಟಿ. ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ ಅನ್ನೋದು ಹಿಂದಿಯವರಿಗೂ ಹೇಳಿಕೊಡಬೇಕು, ನಮಗೆ ಬೇಡ. ಕಷ್ಟ ಆಗೋದು ತ್ಸು, ಮತ್ತೆ ಜ ಅಲ್ಲದ ಆ ಇನ್ನೊಂದು ಸದ್ದು, ಝೂ ಅನ್ನುವಾಗ ಬರೋದು.

ವಾಕ್ಯದಲ್ಲಂತೂ ಕರ್ತೃ ಕರ್ಮ ಕ್ರಿಯಾಪದ ಅದೇ ಸಾಲು, ವಿಭಕ್ತಿ ಹಾಗೇ ಪದದ ಹಿಂದೆ ಬರುತ್ತೆ. ಇನ್ನೂ ಚಂದ ಅಂದ್ರೆ ಕ್ರಿಯಾಪದಗಳನ್ನ ಜೋಡಿಸೋ ರೀತಿ. ತಬೆತೆ ಮಿರು ಅಂದ್ರೆ ತಿಂದು ನೋಡು, ಕೈತೆ ಒಕು ಅಂದ್ರೆ ಬರೆದಿಡು, ತಬೆತೆ ಶಿಮೌ ಅಂದ್ರೆ ತಿಂದುಬಿಡು. ಮನೆಯಿಂದ ಹೊರಡುವಾಗ ಇತ್ತೆಕಿಮಸ್ ಅಂತಾರೆ, ಅಂದ್ರೆ ಹೋಗಿ ಬರ್ತೀನಿ, ಮನೆಯಲ್ಲಿರೋರು ಇತ್ತೆರಶ್ಶೈ ಅಂತಾರೆ, ಹೋಗಿ ಬಾ. ಇಂಗ್ಲಿಷ್ ಮೂಲಕ ಕಲಿಯೋರು ಇದನ್ನ ಒಂದೊಂದಾಗಿ ರೂಲ್ ಅಂತ ಓದ್ತಾರೆ, ನೀವು ಕನ್ನಡದಲ್ಲಿ ಯೋಚನೆ ಮಾಡಿ, ದಯವಿಟ್ಟು ಇಂಗ್ಲಿಷ್ ಮಧ್ಯೆ ತರಬೇಡಿ.

ಹಾಗಾದ್ರೆ ಜಪಾನಿ, ದ್ರಾವಿಡ ಭಾಷೆಗಳು ಒಂದೇ ಮನೆತನದವಾ?

ಓನೋ ಸುಸುಮು ಅನ್ನೋ ವಿದ್ವಾಂಸರು ಜಪಾನಿಗೂ ತಮಿಳಿಗೂ ಸಂಬಂಧ ಇದೆ ಅಂತ ವಾದ ಮಾಡಿದ್ರು, ಆದ್ರೆ ಹೆಚ್ಚಿನ ಭಾಷಾವಿಜ್ಞಾನಿಗಳು ಒಪ್ಪಿಲ್ಲ. ರಚನೆ ಹೋಲುತ್ತೆ ಅಷ್ಟೇ, ಕಲಿಯೋಕೆ ಅಷ್ಟು ಸಾಕು.

ತಾರೀಖು ನೆನಪೇ ನಿಲ್ಲಲ್ಲ. ತ್ಸುಇತಾಚಿ, ಫುತ್ಸುಕ, ಮಿಕ್ಕ... ಏನು ಮಾಡೋದು?

ಇದೇ ಹೊಸಬರ ದೊಡ್ಡ ಗೋಳು, ಮತ್ತೆ ಹಬ್ಬಗಳು ಎಲ್ಲಕ್ಕಿಂತ ಚೆನ್ನಾಗಿ ಕೈ ಹಿಡಿಯೋದೂ ಇಲ್ಲೇ. ಜಪಾನಿಯಲ್ಲಿ ತಿಂಗಳ ಮೊದಲ ಹತ್ತು ದಿನಕ್ಕೆ ಬೇರೆಯೇ ಹೆಸರುಗಳಿವೆ, ಇಚಿ ನಿ ಸನ್, ಒಂದು ಎರಡು ಮೂರು, ಅಂತ ಎಣಿಸೋದು ಅಲ್ಲಿ ನಡೆಯಲ್ಲ. ಟೇಬಲ್ ಮಾಡಿ ಗೋಡೆಗೆ ಅಂಟಿಸ್ಕೊಂಡ್ರೂ ಸಮಯಕ್ಕೆ ಬಾಯಿಗೆ ಬರಲ್ಲ. ಒಂದೊಂದು ತಾರೀಖಿಗೂ ಒಂದು ದಿನವನ್ನ ಕಟ್ಟಿಬಿಡಿ.

1 ಅಂದ್ರೆ ತ್ಸುಇತಾಚಿ, ಜನವರಿ 1, ಹೊಸ ವರ್ಷ. 2 ಫುತ್ಸುಕ, ಜನವರಿ 2ಕ್ಕೆ ವರ್ಷದ ಮೊದಲ ಕುಂಚದ ಬರಹ ಬರೆಯೋ ಕಕಿಝೊಮೆ. 3 ಮಿಕ್ಕ, ಮಾರ್ಚ್ 3 ಹೆಣ್ಣುಮಕ್ಕಳ ಗೊಂಬೆ ಹಬ್ಬ ಹಿನಮತ್ಸುರಿ. 4 ಯೊಕ್ಕ, ಮೇ 4 ಹಸಿರಿನ ದಿನ. 5 ಇತ್ಸುಕ, ಮೇ 5 ಮಕ್ಕಳ ದಿನ, ಮೀನಿನ ಆಕಾರದ ಬಾವುಟ ಕೊಇನೊಬೊರಿ ಹಾರಿಸ್ತಾರೆ. 6 ಮುಇಕ, ಇದು ಹಬ್ಬ ಅಲ್ಲ, ಹಚಿಗತ್ಸು ಮುಇಕ ಅಂದ್ರೆ ಆಗಸ್ಟ್ 6, ಹಿರೋಶಿಮಾ ದಿನ, ಜಪಾನಿನಲ್ಲಿ ಯಾರೂ ಮರೆಯೋ ತಾರೀಖಲ್ಲ. 7 ನನೊಕ, ಜುಲೈ 7 ನಕ್ಷತ್ರಗಳ ಹಬ್ಬ ತನಬತ. 8 ಯೋಕ, ಏಪ್ರಿಲ್ 8 ಬುದ್ಧ ಹುಟ್ಟಿದ ದಿನ ಅಂತ ಆಚರಿಸೋ ಹನಮತ್ಸುರಿ. 9 ಕೊಕೊನೊಕ, ಸೆಪ್ಟೆಂಬರ್ 9 ಸೇವಂತಿಗೆಯ ಹಬ್ಬ, ಆಗಸ್ಟ್ 9 ನಾಗಸಾಕಿ ದಿನ. 10 ತೋಕ, ಜನವರಿ 10ಕ್ಕೆ ಒಸಾಕಾ ಕಡೆ ವ್ಯಾಪಾರಿಗಳು ಎಬಿಸು ದೇವರ ಹತ್ರ ಹೋಗೋ ತೋಕ ಎಬಿಸು, ಹೆಸರಲ್ಲೇ ತಾರೀಖಿದೆ.

ಹತ್ತರ ಮೇಲೆ ಎಲ್ಲಾ ಮಾಮೂಲು ಎಣಿಕೆ, ಮೂರು ಬಿಟ್ಟು. 14 ಜೂಯೊಕ್ಕ, ವ್ಯಾಲೆಂಟೈನ್ಸ್ ಡೇ ಮತ್ತು ಮಾರ್ಚ್ 14ರ ವೈಟ್ ಡೇ. 24 ನಿಜೂಯೊಕ್ಕ, ಕ್ರಿಸ್‌ಮಸ್ ಈವ್. 20 ಹತ್ಸುಕ, ಮಾರ್ಚ್ 20ರ ಆಸುಪಾಸಿಗೆ ಬರೋ ವಸಂತ ವಿಷುವದ ರಜೆ.

4 ಯೊಕ್ಕ, 8 ಯೋಕ, ಇವೆರಡನ್ನ ಜಪಾನಿ ಕಲಿಯೋರೆಲ್ಲಾ ಅದಲು ಬದಲು ಮಾಡ್ತಾರೆ. ನಮಗೆ ಒಂದಕ್ಕೆ ಒತ್ತು, ಇನ್ನೊಂದಕ್ಕೆ ದೀರ್ಘ, ಕಿವಿಗೆ ಬೇರೆ ಬೇರೆನೇ ಕೇಳುತ್ತೆ.

ಹೊಸ ವರ್ಷಕ್ಕೆ ಏನು ಹೇಳ್ಬೇಕು? ಡಿಸೆಂಬರ್ 30ಕ್ಕೇ ಹ್ಯಾಪಿ ನ್ಯೂ ಇಯರ್ ಅನ್ನಬಹುದಾ?

ಇಂಗ್ಲಿಷಲ್ಲಿ ಅನ್ನಬಹುದು, ಜಪಾನಿಯಲ್ಲಿ ಅದಕ್ಕೆ ಬೇರೆ ಮಾತಿದೆ. ಡಿಸೆಂಬರ್ 31ರ ತನಕ ಯೊಇ ಒತೊಶಿ ಒ, ಅಂದ್ರೆ ಒಳ್ಳೆ ವರ್ಷ ಬರಮಾಡಿಕೊಳ್ಳಿ ಅಂತ. ಜನವರಿ 1 ಆದ್ಮೇಲೆ ಮಾತ್ರ ಅಕೆಮಶಿತೆ ಒಮೆದೆತೋ ಗೊಝೈಮಸ್. ಅದರ ಹಿಂದೆನೇ ಕೊತೊಶಿ ಮೊ ಯೊರೊಶಿಕು ಒನೆಗೈಶಿಮಸ್, ಈ ವರ್ಷನೂ ನಿಮ್ಮ ವಿಶ್ವಾಸ ಇರಲಿ ಅನ್ನೋ ಅರ್ಥದಲ್ಲಿ. ಹುಡುಗ್ರು ಫ್ರೆಂಡ್ಸ್ ಮಧ್ಯೆ ಅಕೆಒಮೆ ಕೊತೊಯೊರೊ ಅಂತ ಕತ್ತರಿಸಿ ಮೆಸೇಜ್ ಹಾಕ್ತಾರೆ, ಬಾಸ್‌ಗೆ ಮಾತ್ರ ಹಾಕಬೇಡಿ.

ಒಂದು ಸೂಕ್ಷ್ಮ ಇದೆ, ಇದನ್ನ ಎಲ್ಲರೂ ತಿಳ್ಕೊಂಡಿರಬೇಕು. ಆ ವರ್ಷ ಮನೆಯಲ್ಲಿ ಸಾವಾಗಿದ್ರೆ ಅವರಿಗೆ ಒಮೆದೆತೋ, ಅಂದ್ರೆ ಅಭಿನಂದನೆ, ಅನ್ನಲ್ಲ, ಅವರೂ ಹೊಸ ವರ್ಷದ ಕಾರ್ಡ್ ಕಳಿಸಲ್ಲ, ಸೂತಕದಲ್ಲಿದ್ದೀವಿ ಅಂತ ಮುಂಚೆನೇ ಒಂದು ಕಾರ್ಡ್ ಹಾಕ್ತಾರೆ. ಅಂಥವರಿಗೆ ಕೊತೊಶಿ ಮೊ ಯೊರೊಶಿಕು ಅಷ್ಟೇ ಹೇಳಿ. ನಮ್ಮಲ್ಲೂ ಆ ವರ್ಷ ಹಬ್ಬ ಮಾಡಲ್ವಲ್ಲ, ಅರ್ಥ ಆಗುತ್ತೆ.

ಕಾರ್ಡಿನ ಹೆಸರು ನೆಂಗಜೋ. ಜನವರಿ 1ಕ್ಕೇ ಮನೆಗೆ ತಲುಪೋ ಹಾಗೆ ಅಂಚೆಯವರು ಕೂಡಿಟ್ಟು ಹಂಚ್ತಾರೆ. ಈಗೀಗ ಇದು ಕಮ್ಮಿಯಾಗ್ತಿದೆ, 2024ರ ಅಕ್ಟೋಬರಲ್ಲಿ ಪೋಸ್ಟ್‌ಕಾರ್ಡ್ ದರ 63 ಯೆನ್‌ನಿಂದ 85 ಯೆನ್ ಆಯ್ತು, ಈ ವರ್ಷದಿಂದ ಕಳಿಸಲ್ಲ ಅಂತ ಹೇಳೋ ಕಾರ್ಡೇ ಒಂದು ಪದ್ಧತಿ ಆಗಿಬಿಟ್ಟಿದೆ. ನೀವು ಒಂದಾದ್ರೂ ಕೈಯಲ್ಲಿ ಬರೆದು ಕಳಿಸಿ, ಹಿರಗಾನ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೇದಿಲ್ಲ.

ಹೊಸ ವರ್ಷದ ಊಟ ಒಸೆಚಿ, ಅದರಲ್ಲಿ ಒಂದೊಂದು ತಿಂಡಿಗೂ ಪದದ ಆಟ ಇರುತ್ತೆ. ಕಪ್ಪು ಕಾಳು ಕುರೊಮಮೆ, ಮಮೆ ಅಂದ್ರೆ ಕಾಳೂ ಹೌದು, ಆರೋಗ್ಯವಾಗಿ ಶ್ರಮಪಟ್ಟು ಇರೋದೂ ಹೌದು. ಕೊಂಬು ಕಡಲಕಳೆ ಇಡೋದು ಯೊರೊಕೊಬು, ಸಂತೋಷಪಡು, ಅನ್ನೋ ಪದಕ್ಕೆ. ಡಿಸೆಂಬರ್ 31ರ ರಾತ್ರಿ ದೇವಸ್ಥಾನದಲ್ಲಿ 108 ಸಲ ಗಂಟೆ ಹೊಡೀತಾರೆ, ಮನುಷ್ಯನ 108 ಕ್ಲೇಶ ಕಳೀಲಿ ಅಂತ. ಅಂದಹಾಗೆ ಜಪಾನ್ 1873ರಿಂದ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಯ್ತು, ಅದಕ್ಕೇ ಚೀನಾದ ಥರ ಚಾಂದ್ರಮಾನದ ಹೊಸ ವರ್ಷ ಮಾಡಲ್ಲ.

ಸೆತ್ಸುಬುನ್‌ನಲ್ಲಿ ಕಾಳು ಎಸೆಯೋದು ಗೊತ್ತು, ಅದರಲ್ಲಿ ಭಾಷೆ ಏನಿದೆ ಕಲಿಯೋಕೆ?

ತುಂಬಾ ಇದೆ. ಸೆತ್ಸುಬುನ್ ಅಂದ್ರೆ ಹಳೇ ಲೆಕ್ಕದಲ್ಲಿ ವಸಂತ ಶುರುವಾಗೋ ಹಿಂದಿನ ದಿನ, ಸಾಮಾನ್ಯವಾಗಿ ಫೆಬ್ರವರಿ 3ಕ್ಕೆ ಬರುತ್ತೆ, 2021ರಲ್ಲಿ ಮತ್ತು 2025ರಲ್ಲಿ 2ನೇ ತಾರೀಖಿಗೆ ಬಂತು. ಹುರಿದ ಸೋಯಾ ಕಾಳು ಎಸೀತಾ ಒನಿ ವ ಸೊತೊ, ಫುಕು ವ ಉಚಿ ಅಂತ ಕೂಗ್ತಾರೆ, ರಾಕ್ಷಸ ಆಚೆ, ಭಾಗ್ಯ ಒಳಗೆ. ಆಮೇಲೆ ವಯಸ್ಸಿಗೆ ತಕ್ಕಷ್ಟು ಕಾಳು ತಿಂತಾರೆ. ನರಿತಾ ಊರಿನ ಶಿನ್‌ಶೋಜಿ ದೇವಸ್ಥಾನದಲ್ಲಿ ಮಾತ್ರ ಒನಿ ವ ಸೊತೊ ಅನ್ನಲ್ಲ, ಅಲ್ಲಿನ ಫುದೋ ದೇವರ ಮುಂದೆ ಒನಿ ಕೂಡ ಒಳ್ಳೆಯವನಾಗ್ತಾನೆ ಅನ್ನೋ ನಂಬಿಕೆ.

ಈ ಒಂದು ಕೂಗಲ್ಲಿ ವ ಅನ್ನೋ ಪ್ರತ್ಯಯದ ಪೂರ್ತಿ ಪಾಠ ಇದೆ. ಎರಡು ವಿಷಯ ಎದುರುಬದುರು ಇಟ್ಟು, ಇದು ಹೀಗೆ, ಅದು ಹಾಗೆ ಅನ್ನುವಾಗ ವ ಬರುತ್ತೆ. ಕ್ರಿಯಾಪದ ಬೇಕಾಗೇ ಇಲ್ಲ. ಇನ್ನೂ ಮುಖ್ಯವಾದದ್ದು ಉಚಿ ಮತ್ತು ಸೊತೊ. ಒಳಗಿನವರು, ಹೊರಗಿನವರು ಅನ್ನೋ ಈ ಗೆರೆ ಮೇಲೇ ಜಪಾನಿಯ ಮರ್ಯಾದೆಯ ಮಾತು ನಿಂತಿರೋದು. ನಿಮ್ಮ ಮ್ಯಾನೇಜರ್ ಹೆಸರು ತನಕ ಅಂತ ಇಟ್ಕೊಳ್ಳಿ, ಆಫೀಸ್ ಒಳಗೆ ಮರ್ಯಾದೆಯ ಸನ್ ಸೇರಿಸಿ ತನಕ-ಸನ್ ಅಂತೀರಿ. ಆದ್ರೆ ಹೊರಗಿನ ಕಸ್ಟಮರ್ ಫೋನ್ ಮಾಡಿದಾಗ ಅದೇ ಮ್ಯಾನೇಜರನ್ನ ಸನ್ ಇಲ್ಲದೆ ಬರೀ ತನಕ ಅನ್ಬೇಕು, ಯಾಕಂದ್ರೆ ಆ ಹೊತ್ತಿಗೆ ಅವರು ನಿಮ್ಮ ಉಚಿ, ಕಸ್ಟಮರ್ ಸೊತೊ. ನಮ್ಮಲ್ಲಿ ಹಿರಿಯರು ಯಾರ ಮುಂದಾದ್ರೂ ಹಿರಿಯರೇ, ಅವರು ಅಂತಲೇ ಹೇಳ್ತೀವಿ, ಅದಕ್ಕೇ ಬಿಡದಿ ಕಡೆ ಜಪಾನಿ ಕಂಪನಿಗಳಲ್ಲಿ ಕೆಲಸ ಮಾಡೋ ನಮ್ಮೋರಿಗೆ ಬಾಸ್ ಹೆಸರನ್ನ ಬೋಳಾಗಿ ಹೇಳೋಕೆ ನಾಲಿಗೆನೇ ಏಳಲ್ಲ. ವ್ಯಾಕರಣ ಪುಸ್ತಕದಲ್ಲಿ ಇದು ತುಂಬಾ ಹಿಂದೆ ಎಲ್ಲೋ ಬರುತ್ತೆ, ಫೆಬ್ರವರಿಯಲ್ಲೇ ಕಲಿತುಬಿಡಿ.

ಸಕುರಾ ಸೀಸನ್‌ನಲ್ಲಿ ಏನೇನು ಪದ ಬರುತ್ತೆ?

ಹೂ ನೋಡೋಕೆ ಹೋಗೋದು ಹನಮಿ. ಹೂ ಅರಳೋಕೆ ಶುರುವಾಗೋದು ಕೈಕ, ಪೂರ್ತಿ ಅರಳಿದ್ರೆ ಮಂಕೈ. ಇದನ್ನ ಹವಾಮಾನ ಇಲಾಖೆಯವರು ಮರ ನೋಡಿ ಹೇಳ್ತಾರೆ, ಟೋಕಿಯೋಗೆ ಅಂತ ಗೊತ್ತು ಮಾಡಿರೋ ಮರ ಯಸುಕುನಿ ದೇವಾಲಯದ ಆವರಣದಲ್ಲಿದೆ, ಅದರಲ್ಲಿ ಐದಾರು ಹೂ ಬಿಟ್ರೆ ಕೈಕ ಅಂತ ಘೋಷಣೆ, ನೂರಕ್ಕೆ ಎಂಬತ್ತು ಭಾಗ ಅರಳಿದ್ರೆ ಮಂಕೈ. ಬೇರೆ ಜಾತಿಯ ಸಕುರಾ ಒಕಿನಾವದಲ್ಲಿ ಜನವರಿಯಲ್ಲೇ ಬಿಡುತ್ತೆ, ಹೊಕ್ಕೈದೋದಲ್ಲಿ ಮೇ ತನಕ ಹೋಗುತ್ತೆ, ದಕ್ಷಿಣದಿಂದ ಉತ್ತರಕ್ಕೆ ಮೇಲೇರೋ ಆ ರೇಖೆಗೆ ಸಕುರಾ ಝೆನ್‌ಸೆನ್ ಅಂತಾರೆ.

ಗಾಳಿಗೆ ಎಸಳು ಹಾರೋದು ಸಕುರಾ ಫುಬುಕಿ, ನೀರಿನ ಮೇಲೆ ಎಸಳು ತೇಲಾಡಿ ಹಾಸಿಕೊಳ್ಳೋದು ಹನ ಇಕದ, ಎಲೆ ಚಿಗುರಿದ ಮೇಲಿನ ಮರ ಹಝಕುರ. ವ್ಯಾಕರಣಕ್ಕೆ ಬಂದ್ರೆ ಸಕು ಅನ್ನೋ ಒಂದು ಕ್ರಿಯಾಪದ ಹಿಡ್ಕೊಳ್ಳಿ: ಸಕುರಾ ಗ ಸೈತ, ಅರಳ್ತು. ಸಕುರಾ ಗ ಸೈತೆ ಇರು, ಅರಳಿದೆ. ಈ ಎರಡನೇದನ್ನ ಅರಳ್ತಾ ಇದೆ ಅಂತ ಓದಬೇಡಿ, ಅರಳಿ ನಿಂತಿದೆ ಅಂತ. ಶಾಲೆ, ಕೆಲಸ ಎಲ್ಲಾ ಏಪ್ರಿಲಲ್ಲಿ ಶುರುವಾಗೋದ್ರಿಂದ ಸಕುರಾ ಜೊತೆಗೆ ಹೊಸ ಪರಿಚಯದ ಮಾತುಗಳೂ ಇದೇ ಸಮಯಕ್ಕೆ ಬರುತ್ತೆ, ಮೊದಲ ಸಲ ಭೇಟಿಯಾದಾಗ ಹೇಳೋ ಹಜಿಮೆಮಶಿತೆ ಕಲಿಯೋಕೆ ಇದೇ ಸರಿಯಾದ ತಿಂಗಳು.

ಗೋಲ್ಡನ್ ವೀಕ್ ಅಂದ್ರೆ?

ಏಪ್ರಿಲ್ 29, ಮೇ 3, 4, 5, ನಾಲ್ಕು ಸರ್ಕಾರಿ ರಜೆ ಒಟ್ಟಿಗೆ ಬರೋದು. ಆ ವಾರ ಮೇಲ್‌ಗೆ ಉತ್ತರ ಬರಲ್ಲ, ಜಪಾನ್ ಪ್ರವಾಸವನ್ನೂ ಆಗ ಇಟ್ಕೋಬೇಡಿ, ರೈಲು ಹೋಟೆಲ್ ಎಲ್ಲಾ ತುಂಬಿರುತ್ತೆ.

ತನಬತ ಕಥೆ ಏನು? ಚೀಟಿಯಲ್ಲಿ ಏನು ಬರೀಬೇಕು?

ನೇಯ್ಗೆ ಮಾಡೋ ಒರಿಹಿಮೆ, ದನ ಕಾಯೋ ಹಿಕೊಬೊಶಿ, ಇಬ್ಬರೂ ನಕ್ಷತ್ರಗಳು, ಆಕಾಶಗಂಗೆಯ ಆಚೆ ಈಚೆ, ವರ್ಷಕ್ಕೆ ಒಂದೇ ರಾತ್ರಿ ಭೇಟಿ. ಮೂಲ ಚೀನಾದ ಕಥೆ. ಜುಲೈ 7ಕ್ಕೆ ಮಳೆಗಾಲ ಇರೋದ್ರಿಂದ ಬಹಳ ಸಲ ಆಕಾಶವೇ ಕಾಣಲ್ಲ, ಹಳೇ ಚಾಂದ್ರಮಾನದಲ್ಲಿ ಏಳನೇ ತಿಂಗಳ ಏಳನೇ ದಿನ ಆಗಸ್ಟ್ ಹೊತ್ತಿಗೆ ಬರ್ತಿತ್ತು. ಸೆಂದೈ ಊರಿನವರು ಇವತ್ತಿಗೂ ಆಗಸ್ಟ್ 6ರಿಂದ 8ರ ತನಕ ಮಾಡ್ತಾರೆ.

ಬಣ್ಣದ ಚೀಟಿ ತಂಝಕುನಲ್ಲಿ ಆಸೆ ಬರೆದು ಬಿದಿರಿಗೆ ಕಟ್ಟೋದು. ಕೊನೆಗೆ ಮಸ್ ಯೋ ನಿ ಅಂತ ಬರುತ್ತೆ, ನಮ್ಮ ಹಾಗಾಗಲಿ ಥರ. ನಿಹೊಂಗೊ ಗ ಜೋಝು ನಿ ನರಿಮಸ್ ಯೋ ನಿ, ಜಪಾನಿ ಚೆನ್ನಾಗಿ ಬರೋ ಹಾಗಾಗಲಿ. ಇದನ್ನ ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿರೋ ಯಾವ ಗಿಡಕ್ಕಾದ್ರೂ ಕಟ್ಟಿ, ಈ ವ್ಯಾಕರಣ ಮತ್ತೆ ಮರೆಯಲ್ಲ.

ಒಬೊನ್ ನಮ್ಮ ಪಿತೃಪಕ್ಷದ ಥರಾನಾ?

ಹಿರಿಯರನ್ನ ನೆನೆಯೋದು ಅನ್ನೋ ಮಟ್ಟಿಗೆ ಹೌದು, ಆದ್ರೆ ವಾತಾವರಣ ಬೇರೆ. ಅಲ್ಲಿ ಹಿರಿಯರು ಮನೆಗೆ ಬಂದು ಕೆಲವು ದಿನ ಇದ್ದು ಹೋಗ್ತಾರೆ ಅನ್ನೋ ನಂಬಿಕೆ, ಬರುವಾಗ ಬೆಂಕಿ ಹಚ್ಚಿ ದಾರಿ ತೋರಿಸೋದು ಮುಕಎಬಿ, ಕಳಿಸುವಾಗ ಒಕುರಿಬಿ. ಹೆಚ್ಚಿನ ಕಡೆ ಆಗಸ್ಟ್ 13ರಿಂದ 16, ಟೋಕಿಯೋದಲ್ಲಿ ಹಲವರು ಜುಲೈನಲ್ಲೇ ಮಾಡ್ತಾರೆ. ಸೌತೆಕಾಯಿಗೆ ಕಡ್ಡಿ ಚುಚ್ಚಿ ಕುದುರೆ ಮಾಡ್ತಾರೆ, ಹಿರಿಯರು ಬೇಗ ಬರಲಿ ಅಂತ, ಬದನೆಕಾಯಿಯಲ್ಲಿ ಹಸು ಮಾಡ್ತಾರೆ, ಹೋಗುವಾಗ ನಿಧಾನಕ್ಕೆ ಹೋಗಲಿ ಅಂತ. ನನಗೆ ಜಪಾನಿನ ಎಲ್ಲಾ ಆಚರಣೆಗಳಲ್ಲಿ ತುಂಬಾ ಇಷ್ಟ ಆಗೋದು ಇದೇ, ಅಷ್ಟು ಪ್ರೀತಿ ಆ ಎರಡು ತರಕಾರಿಯಲ್ಲಿದೆ. ಊರಿನ ಮೈದಾನದಲ್ಲಿ ಎಲ್ಲರೂ ಸುತ್ತ ನಿಂತು ಬೊನ್ ಒದೊರಿ ಕುಣೀತಾರೆ, ದುಃಖದ ದಿನ ಅನ್ನಿಸಲ್ಲ.

ಕ್ಯೋತೋದಲ್ಲಿ ಆಗಸ್ಟ್ 16ರ ರಾತ್ರಿ ಐದು ಬೆಟ್ಟಗಳ ಮೇಲೆ ಬೆಂಕಿಯಲ್ಲಿ ಆಕಾರ ಮೂಡಿಸ್ತಾರೆ. ಮೊದಲನೇದು ದೈ, ದೊಡ್ಡದು ಅನ್ನೋ ಕಾಂಜಿ, ಬರೀ ಮೂರು ಗೆರೆ, ನೀವು ಮೊದಲ ವಾರದಲ್ಲೇ ಕಲಿಯೋ ಅಕ್ಷರ.

ಒಬೊನ್ ಸರ್ಕಾರಿ ರಜೆ ಅಲ್ಲ, ಆದ್ರೂ ಬಹಳ ಕಂಪನಿ ಮುಚ್ಚಿರುತ್ತೆ, ಜನ ಊರಿಗೆ ಹೋಗ್ತಾರೆ. ಆ ವಾರದ ಮಾತು: ಜಿಕ್ಕ ನಿ ಕಎರಿಮಸ್, ಅಪ್ಪ ಅಮ್ಮನ ಮನೆಗೆ ಹೋಗ್ತೀನಿ. ಗೋರಿಗೆ ಹೋಗಿ ನಮಸ್ಕಾರ ಮಾಡೋದು ಹಕಮೈರಿ.

ಚಂದ್ರನಲ್ಲಿ ಮೊಲ ಜಪಾನಿಗಳಿಗೂ ಕಾಣುತ್ತಂತೆ, ಹೌದಾ?

ಹೌದು, ಮೊಲ ಒನಕೆ ಹಿಡಿದು ಮೋಚಿ, ಅಂದ್ರೆ ಅಂಟು ಅಕ್ಕಿಯ ಉಂಡೆ, ಮಾಡೋಕೆ ಕುಟ್ತಾ ಇದೆ ಅಂತಾರೆ. ತನ್ನನ್ನೇ ಬೆಂಕಿಗೆ ಅರ್ಪಿಸಿಕೊಂಡ ಮೊಲದ ಜಾತಕ ಕಥೆ ಬೌದ್ಧ ಧರ್ಮದ ಜೊತೆ ಅಲ್ಲಿಗೂ ಹೋಗಿದೆ. ತ್ಸುಕಿಮಿ, ಅಂದ್ರೆ ಚಂದ್ರ ನೋಡೋ ಹಬ್ಬ, ಇವತ್ತಿಗೂ ಚಾಂದ್ರಮಾನದ ಲೆಕ್ಕದಲ್ಲೇ ನಡೆಯುತ್ತೆ, ಸೆಪ್ಟೆಂಬರ್ ಅಥವಾ ಅಕ್ಟೋಬರ್ ಶುರುವಿಗೆ ಬರುತ್ತೆ.

ನಾನು ಸಸ್ಯಾಹಾರಿ. ಹಬ್ಬದ ಊಟ ತಿನ್ನಬಹುದಾ?

ಸಿಹಿ ಹೆಚ್ಚಿನದು ತಿನ್ನಬಹುದು, ಅಝುಕಿ ಕಾಳಿನ ಹೂರಣ ಇರೋ ಒಹಗಿ, ಓಕ್ ಎಲೆಯಲ್ಲಿ ಸುತ್ತಿರೋ ಕಶಿವ ಮೋಚಿ, ಕುರೊಮಮೆ ಎಲ್ಲಾ. ತೊಂದರೆ ಇರೋದು ಸಾರಿನಲ್ಲಿ. ಡಿಸೆಂಬರ್ 31ರ ಸೊಬ ನೂಡಲ್ಸ್, ಹೊಸ ವರ್ಷದ ಮೋಚಿ ಸಾರು ಝೋನಿ, ನೋಡೋಕೆ ತರಕಾರಿ ಸಾರು, ಆದ್ರೆ ಸಾರಿಗೆ ಬಳಸೋ ತಿಳಿ ದಶಿಗೆ ಸಾಮಾನ್ಯವಾಗಿ ಒಣಮೀನು ಹಾಕಿರ್ತಾರೆ. ನಿಕು ತೊ ಸಕನ ವ ತಬೆಮಸೆನ್, ಮಾಂಸ ಮೀನು ತಿನ್ನಲ್ಲ, ಅಂದ್ರೆ ಮಾತ್ರ ಸಾಲಲ್ಲ, ದಶಿಯನ್ನ ಕೆಲವರು ಮೀನು ಅಂತ ಲೆಕ್ಕಕ್ಕೇ ತಗೊಳಲ್ಲ. ದಶಿ ನಿ ಸಕನ ಗ ಹೈತ್ತೆ ಇಮಸ್ ಕ, ದಶಿಯಲ್ಲಿ ಮೀನಿದೆಯಾ, ಅಂತ ಕೇಳಿ. ಬೌದ್ಧ ದೇವಸ್ಥಾನಗಳ ಶೋಜಿನ್ ರ್ಯೋರಿ ಸಂಪ್ರದಾಯದ ಪ್ರಕಾರ ಮಾಂಸ ಮೀನು ಇಲ್ಲದ್ದು, ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕಲ್ಲ.

ಕ್ರಿಸ್‌ಮಸ್, ವ್ಯಾಲೆಂಟೈನ್ ಅಲ್ಲಿ ಹೇಗೆ?

ಕ್ರಿಸ್‌ಮಸ್‌ಗೆ ರಜೆ ಇಲ್ಲ, ಕೇಕು, ಕೆಎಫ್‌ಸಿ ಚಿಕನ್. ವ್ಯಾಲೆಂಟೈನ್‌ಗೆ ಹೆಣ್ಣುಮಕ್ಕಳು ಚಾಕ್ಲೇಟ್ ಕೊಡ್ತಾರೆ, ಮಾರ್ಚ್ 14ಕ್ಕೆ ಗಂಡುಮಕ್ಕಳು ವಾಪಸ್ ಕೊಡ್ತಾರೆ.

ಜೆಎಲ್‌ಪಿಟಿಗೆ ಇದರಿಂದ ಉಪಯೋಗ ಇದೆಯಾ?

ಇದು ಜಪಾನಿ ಭಾಷಾ ಸಾಮರ್ಥ್ಯದ ಪರೀಕ್ಷೆ, ಸುಲಭದ ಎನ್5ರಿಂದ ಕಷ್ಟದ ಎನ್1ರ ತನಕ ಐದು ಹಂತ, ಜುಲೈ ಮತ್ತು ಡಿಸೆಂಬರಲ್ಲಿ ನಡೆಯುತ್ತೆ, ಬೆಂಗಳೂರಲ್ಲೂ ಕೇಂದ್ರ ಇದೆ. ಹಬ್ಬದ ಬಗ್ಗೆ ನೇರ ಪ್ರಶ್ನೆ ಬರುತ್ತೆ ಅಂತ ಕಾಯಬೇಡಿ. ಆದ್ರೆ ಕೇಳಿಸಿಕೊಳ್ಳೋ ವಿಭಾಗದಲ್ಲಿ ತಾರೀಖು, ಯಾವತ್ತು ಸಿಗೋಣ, ಎಲ್ಲಿಗೆ ಹೋಗೋಣ, ಏನು ತರ್ಬೇಕು ಇಂಥ ಸಂಭಾಷಣೆಗಳೇ ಜಾಸ್ತಿ, ಮೇಲೆ ಹೇಳಿದ ತಾರೀಖಿನ ಅಭ್ಯಾಸ ಅಲ್ಲಿ ಕೈಗೆ ಬರುತ್ತೆ. ಈ ಪರೀಕ್ಷೆಯಲ್ಲಿ ಮಾತಾಡೋ ಭಾಗವೇ ಇಲ್ಲ, ಎನ್3 ಪಾಸಾಗಿಯೂ ಬಾಯಿ ಬಿಡದೇ ಇರೋರು ಇದ್ದಾರೆ. ಮಾತಾಡೋಕೆ ಜನ ಬೇಕು ಅಂದ್ರೆ ಬೆಂಗಳೂರಲ್ಲಿ ನಡೆಯೋ ಜಪಾನ್ ಹಬ್ಬಕ್ಕೆ ಹೋಗಿ, ಕಲಿಯೋರೂ ಸಿಗ್ತಾರೆ, ಜಪಾನಿನವರೂ ಸಿಗ್ತಾರೆ.

ಈಗ ವರ್ಷದ ಮಧ್ಯ. ಜನವರಿ ತನಕ ಕಾಯಲಾ?

ಬೇಡ, ಯಾವ ತಿಂಗಳಿದೆಯೋ ಅಲ್ಲಿಂದಲೇ ಹತ್ತಿಕೊಳ್ಳಿ. ಮೊದಲ ಮೂರು ನಾಲ್ಕು ವಾರ ಹಿರಗಾನ, ಹೊರಗಿನ ಭಾಷೆಯ ಪದಗಳಿಗೆ ಬಳಸೋ ಲಿಪಿ ಕತಕಾನ ಮುಗಿಸಿ, ಆಮೇಲೆ ಮಾಮೂಲಿ ಪಾಠದ ಜೊತೆ ಮುಂದೆ ಬರೋ ಒಂದು ದಿನ ಆರಿಸಿಕೊಳ್ಳಿ. ಅದರ ತಾರೀಖು ಜಪಾನಿಯಲ್ಲಿ ಹೇಗೆ ಓದೋದು, ಅವತ್ತು ಏನು ಹೇಳ್ತಾರೆ, ಏನು ತಿಂತಾರೆ, ಅದರ ಹೆಸರಿನ ಕಾಂಜಿ ಯಾವುದು, ಇಷ್ಟನ್ನ ಒಂದು ನೋಟ್‌ಬುಕ್ ಪುಟದಲ್ಲಿ ಬರೀರಿ. ಅವತ್ತಿನ ದಿನ ಜಪಾನಿನ ಯಾವುದಾದ್ರೂ ಸುದ್ದಿ ವಿಡಿಯೋ ಹಾಕಿ ನೋಡಿ, ಪುಟದಲ್ಲಿರೋ ಪದ ಕೇಳಿಸಿದ ಹಾಗೆಲ್ಲಾ ಟಿಕ್ ಹಾಕಿ. ಜೂನಲ್ಲಿ ಹಬ್ಬ ಇಲ್ವಲ್ಲ ಅಂತ ಕೆಲವರು ಕೇಳ್ತಾರೆ, ಸರ್ಕಾರಿ ರಜೆ ಇಲ್ಲ ನಿಜ, ಆದ್ರೆ ಮಳೆಗಾಲ ತ್ಸುಯು ಇದೆ, ಹೂಗೊಂಚಲಿನ ಅಜಿಸೈ ಇದೆ, ಮಳೆ ನಿಲ್ಲಲಿ ಅಂತ ಕಿಟಕಿಗೆ ಕಟ್ಟೋ ಬಿಳೀ ಬಟ್ಟೆ ಗೊಂಬೆ ತೆರುತೆರುಬೋಝು ಇದೆ, ಮಳೆಯ ಪದಗಳೇ ಒಂದು ಪುಟ ತುಂಬುತ್ತೆ.